ಚಿಕ್ಕ ಪರದೆಯ ಮೊಬೈಲಿನಲ್ಲಿ ಜಾಲತಾಣವನ್ನು ಪರೀಕ್ಷಿಸುವ ಬಗೆ

ಪ್ರಶ್ನೆ: ನಾನು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದು, ನಮ್ಮ ಕನ್ನಡ ಸಂಘದ ಜಾಲತಾಣವನ್ನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತೇನೆ. ಲ್ಯಾಪ್‌ಟಾಪಿನಲ್ಲಿ ಬ್ರೌಸರಿನ ಕಿಟಕಿಯನ್ನು ಕಿರಿದು ಮಾಡಿ ನೋಡಿದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಮೊಬೈಲಿನಲ್ಲಿ ಪುಟ ಪಕ್ಕಕ್ಕೆ ಸರಿದಾಡುತ್ತದೆ, ಸದಸ್ಯತ್ವದ ಅರ್ಜಿ ತುಂಬುವಾಗ ‘ಸಲ್ಲಿಸಿ’ ಎಂಬ ಬಟನ್ ಕಾಣೆಯಾಗುತ್ತದೆ, ಶೀರ್ಷಿಕೆಯ ಅಕ್ಷರಗಳ ಬುಡ ಕತ್ತರಿಸಿದಂತಿದೆ ಎಂದು ಸದಸ್ಯರು ದೂರುತ್ತಾರೆ. ಹತ್ತು ಬಗೆಯ ಫೋನು ಕೊಳ್ಳುವಷ್ಟು ಹಣ ಸಂಘದಲ್ಲಿಲ್ಲ. ಪರೀಕ್ಷೆಯನ್ನು ಹೇಗೆ ನಡೆಸಬೇಕು? ಕೆಲವು ಸ್ಕ್ರೀನ್‌ಶಾಟ್‌ಗಳನ್ನು ಜೊತೆಗೆ ಕಳುಹಿಸಿದ್ದೇನೆ.

ಉತ್ತರ: ನಿಮ್ಮ ಸದಸ್ಯರು ಹೇಳುತ್ತಿರುವ ಮೂರೂ ದೋಷಗಳು ನಿಜವಾದವು, ಮತ್ತು ಮೂರೂ ನೀವು ಅನುಸರಿಸಿದ ವಿಧಾನದಲ್ಲಿ ಸುಲಭವಾಗಿ ಕಣ್ಣಿಗೆ ಬೀಳದಂಥವು. ಅದಕ್ಕೆ ಹತ್ತು ಫೋನುಗಳ ಅಗತ್ಯವಿಲ್ಲ. 320 ಪಿಕ್ಸೆಲ್ ಅಗಲದಿಂದ ಪರೀಕ್ಷೆಯನ್ನು ಆರಂಭಿಸುವ ಶಿಸ್ತು, ಪುಟದಲ್ಲಿ ನಿಜವಾಗಿ ಬರಲಿರುವ ಕನ್ನಡ ಪಠ್ಯ, ಮತ್ತು ಒಂದು ಹಳೆಯ ಅಗ್ಗದ ಆಂಡ್ರಾಯ್ಡ್ ಫೋನು, ಇಷ್ಟಿದ್ದರೆ ಸಂಘದ ಜಾಲತಾಣದಂಥ ತಾಣದ ಬಹುಪಾಲು ದೋಷಗಳು ಸಿಕ್ಕಿಬೀಳುತ್ತವೆ.

ಮೊದಲು ಕಿಟಕಿಯನ್ನು ಕಿರಿದು ಮಾಡುವ ವಿಧಾನ ಏಕೆ ಸಾಲದು ಎಂಬುದನ್ನು ನೋಡೋಣ. ಕಂಪ್ಯೂಟರಿನ ಕ್ರೋಮ್ ಬ್ರೌಸರ್ ತನ್ನ ಕಿಟಕಿಯನ್ನು ಸುಮಾರು 500 ಪಿಕ್ಸೆಲ್‌ಗಿಂತ ಕಿರಿದಾಗಲು ಬಿಡುವುದಿಲ್ಲ. ನಿಮ್ಮ ಸದಸ್ಯರ ಫೋನುಗಳಲ್ಲಿ ಹಲವು 360 ಪಿಕ್ಸೆಲ್ ಅಗಲದವು. ಅಂದರೆ 480ಕ್ಕಿಂತ ಕಿರಿದಾದ ಪರದೆಗಳಿಗೆಂದು ನೀವು ಬರೆದಿರುವ ಶೈಲಿಯ ನಿಯಮಗಳು ಆ ಕಿಟಕಿಯಲ್ಲಿ ಒಮ್ಮೆಯೂ ಜಾರಿಗೆ ಬಂದಿರಲಾರವು. ಎರಡನೆಯದಾಗಿ, ಪುಟವನ್ನು ಪರದೆಯ ಅಗಲಕ್ಕೆ ಹೊಂದಿಸು ಎಂದು ಹೇಳಲು ಪುಟದ ತಲೆಭಾಗದಲ್ಲಿ ಬರೆಯುವ ವ್ಯೂಪೋರ್ಟ್ ಮೆಟಾ ಟ್ಯಾಗನ್ನು ಕಂಪ್ಯೂಟರಿನ ಬ್ರೌಸರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೊಬೈಲಿನಲ್ಲಿಯಾದರೋ ಆ ಟ್ಯಾಗ್ ಇಲ್ಲದಿದ್ದರೆ ಬ್ರೌಸರ್ ತನ್ನ ಪರದೆ 980 ಪಿಕ್ಸೆಲ್ ಅಗಲವಿದೆಯೆಂದು ಭಾವಿಸಿ ಪುಟವನ್ನು ಜೋಡಿಸಿ, ಆಮೇಲೆ ಅದನ್ನು ಕುಗ್ಗಿಸಿ ತೋರಿಸುತ್ತದೆ. 2007ರಲ್ಲಿ ಐಫೋನ್ ಬಂದಾಗ ಕಂಪ್ಯೂಟರಿಗಾಗಿ ಮಾಡಿದ ಪುಟಗಳನ್ನು ಚಿಕ್ಕ ಪರದೆಯಲ್ಲಿ ತೋರಿಸಲು ಕಂಡುಕೊಂಡ ಉಪಾಯವದು. ನಿಮ್ಮ ಮುಖಪುಟದಲ್ಲಿ ಟ್ಯಾಗ್ ಇರಬಹುದು. ಆದರೆ ‘ಹಿಂದಿನ ಕಾರ್ಯಕ್ರಮಗಳು’ ಪುಟದ ಸ್ಕ್ರೀನ್‌ಶಾಟಿನಲ್ಲಿ ಅಕ್ಷರಗಳು ಸಾಸಿವೆ ಕಾಳಿನಷ್ಟು ಚಿಕ್ಕದಾಗಿರುವುದನ್ನು ನೋಡಿದರೆ, ಆ ಹಳೆಯ ಪುಟಕ್ಕೆ ಅದನ್ನು ಸೇರಿಸಿಲ್ಲವೆಂದು ಊಹಿಸಬಹುದು. ಪ್ರತಿಯೊಂದು ಪುಟದ ಮೂಲ ಸಂಕೇತವನ್ನೂ ತೆರೆದು ಇದೊಂದನ್ನು ಖಚಿತಪಡಿಸಿಕೊಂಡ ಮೇಲೆಯೇ ಮುಂದಕ್ಕೆ ಹೋಗಿ.

ಇನ್ನು ಅಗಲದ ಲೆಕ್ಕ. ಫೋನಿನ ಪೆಟ್ಟಿಗೆಯ ಮೇಲೆ 720 ಗುಣಿಸು 1600 ಎಂದೋ, 1080 ಗುಣಿಸು 2400 ಎಂದೋ ಅಚ್ಚಾಗಿರುವ ಸಂಖ್ಯೆಯಿಂದ ನಮಗೆ ನೇರವಾದ ಉಪಯೋಗವಿಲ್ಲ, ಏಕೆಂದರೆ ಅದು ಪರದೆಯ ಭೌತಿಕ ಚುಕ್ಕಿಗಳ ಎಣಿಕೆ. ಬ್ರೌಸರ್ ಅದನ್ನು ಒಂದು ಅನುಪಾತದಿಂದ ಭಾಗಿಸಿ, ಪುಟದ ಶೈಲಿಯ ನಿಯಮಗಳು ಬಳಸುವ ಅಳತೆಯಾದ ಸಿಎಸ್‌ಎಸ್ ಪಿಕ್ಸೆಲ್‌ಗೆ ಇಳಿಸುತ್ತದೆ. 720 ಚುಕ್ಕಿಗಳ ಅಗ್ಗದ ಫೋನನ್ನು 2ರಿಂದ ಭಾಗಿಸಿದರೆ 360. 1080 ಚುಕ್ಕಿಗಳ ಫೋನನ್ನು 3ರಿಂದ ಭಾಗಿಸಿದರೂ ಅದೇ 360. ಹಾಗಿದ್ದರೆ 360ರಲ್ಲಿ ಪರೀಕ್ಷಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಮೊದಲ ಪೀಳಿಗೆಯ ಐಫೋನ್ ಎಸ್‌ಇಯ ಅಗಲ 320 ಮಾತ್ರ ಎಂಬುದು ಒಂದು ಕಾರಣವಾದರೂ, ಅದಕ್ಕಿಂತ ದೊಡ್ಡ ಕಾರಣ ಬೇರೆಯಿದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಸ್‌ಪ್ಲೇ ಸೈಜ್’ ಎಂಬ ಆಯ್ಕೆಯಿದೆ. ಅದನ್ನು ಹಿಗ್ಗಿಸಿದಾಗ ಈ ಭಾಗಿಸುವ ಅನುಪಾತವೇ ಬದಲಾಗಿ, 360 ಅಗಲದ ಫೋನು 320ರ ಆಸುಪಾಸಿಗೆ ಇಳಿಯುತ್ತದೆ. ಕಣ್ಣು ಮಂಜಾದ ಹಿರಿಯರ ಫೋನಿನಲ್ಲಿ ಮಕ್ಕಳು ಮೊಮ್ಮಕ್ಕಳು ಮೊದಲು ಮಾಡಿಕೊಡುವ ಬದಲಾವಣೆ ಇದೇ. ಸಂಘದ ಜಾಲತಾಣವನ್ನು ಶ್ರದ್ಧೆಯಿಂದ ಓದುವವರೂ ಆ ಹಿರಿಯರೇ ಆಗಿರುವುದರಿಂದ 320 ಎನ್ನುವುದು ನಿಮಗೆ ಅಪರೂಪದ ಅಂಚಲ್ಲ, ದಿನನಿತ್ಯದ ಅಗಲ. 2018ರಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.1 ಎಂಬ ಪ್ರವೇಶಸಾಧ್ಯತೆಯ ಮಾನದಂಡವೂ 320 ಸಿಎಸ್‌ಎಸ್ ಪಿಕ್ಸೆಲ್ ಅಗಲದಲ್ಲಿ ಓದುಗನು ಪಕ್ಕಕ್ಕೆ ಸರಿಸದೆಯೇ ಪುಟವನ್ನು ಓದುವಂತಿರಬೇಕು ಎಂದು ಹೇಳುತ್ತದೆ.

ಕಂಪ್ಯೂಟರಿನಲ್ಲಿ ಮಾಡಬೇಕಾದ ಪರೀಕ್ಷೆ ಹೀಗಿದೆ. ಕ್ರೋಮ್‌ನಲ್ಲಿ ಎಫ್12 ಕೀಲಿಯನ್ನು ಒತ್ತಿ ಡೆವಲಪರ್ ಟೂಲ್ಸ್ ತೆರೆದು, ಕಂಟ್ರೋಲ್, ಶಿಫ್ಟ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮೊಬೈಲ್ ಪರದೆಯ ಅನುಕರಣೆ ಆರಂಭವಾಗುತ್ತದೆ. ಫೈರ್‌ಫಾಕ್ಸ್‌ನಲ್ಲಿಯೂ ಅದಕ್ಕೆ ಇದೇ ಮೂರು ಕೀಲಿಗಳಿವೆ. ಮೇಲಿನ ಪಟ್ಟಿಯಲ್ಲಿ ಫೋನುಗಳ ಹೆಸರು ಕಾಣುತ್ತದೆ. ಅವುಗಳ ಗೋಜಿಗೆ ಹೋಗದೆ ‘ರೆಸ್ಪಾನ್ಸಿವ್’ ಎಂಬುದನ್ನು ಆರಿಸಿ, ಅಗಲವನ್ನು 320 ಎಂದು ನಮೂದಿಸಿ. ಅಲ್ಲಿ ಎಲ್ಲವನ್ನೂ ಓದಿ ನೋಡಿದ ಮೇಲೆ ಅಂಚನ್ನು ಹಿಡಿದು ನಿಧಾನವಾಗಿ 800ರವರೆಗೆ ಎಳೆಯುತ್ತ ಹೋಗಿ, ಎಲ್ಲಿ ಸಾಲು ಒಡೆಯುತ್ತದೆ, ಎಲ್ಲಿ ಚಿತ್ರ ಉಬ್ಬುತ್ತದೆ, ಎಲ್ಲಿ ಮೆನು ಎರಡು ಸಾಲಾಗುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಫೋನಿನ ಹೆಸರನ್ನು ಆರಿಸಿ ನೋಡುವವರು 360, 390, 412 ಎಂದು ಜಿಗಿಯುತ್ತಾರೆ. ದೋಷವೇನೋ 590ರಲ್ಲಿ ಅಡಗಿ ಕುಳಿತಿರುತ್ತದೆ, ಮತ್ತು ಯಾರೋ ಫೋನನ್ನು ಅಡ್ಡಲಾಗಿ ಹಿಡಿದ ದಿನ ಹೊರಬೀಳುತ್ತದೆ. ಜಾಲ ವಿನ್ಯಾಸಕ ಈಥನ್ ಮಾರ್ಕಾಟ್ 2010ರಲ್ಲಿ ರೆಸ್ಪಾನ್ಸಿವ್ ವಿನ್ಯಾಸ ಎಂಬ ಪರಿಕಲ್ಪನೆಯನ್ನು ಮಂಡಿಸಿದಾಗಲೂ ಅದರ ಆಧಾರವಾಗಿದ್ದದ್ದು ಹಿಗ್ಗುವ ಕುಗ್ಗುವ ಚೌಕಟ್ಟು, ಹೊಂದಿಕೊಳ್ಳುವ ಚಿತ್ರ ಮತ್ತು ಪರದೆಯ ಅಗಲಕ್ಕೆ ತಕ್ಕಂತೆ ಶೈಲಿಯ ನಿಯಮ ಬದಲಿಸುವ ಮೀಡಿಯಾ ಕ್ವೆರಿ. ಆದ್ದರಿಂದ ಪರೀಕ್ಷೆಯೂ ಬಿಡಿ ಬಿಡಿ ಸಾಧನಗಳದ್ದಾಗದೆ ಅಗಲಗಳ ಒಂದು ಅಖಂಡ ಹರವಿನದ್ದಾಗಬೇಕು.

ಈಗ ನಿಮ್ಮ ಮೊದಲ ದೂರಿಗೆ ಬರುತ್ತೇನೆ. ‘ಸಂಪರ್ಕ’ ಪುಟದ ಸ್ಕ್ರೀನ್‌ಶಾಟಿನಲ್ಲಿ ಬಲಬದಿಗೆ ಉದ್ದಕ್ಕೂ ಒಂದು ಬಿಳಿಯ ಪಟ್ಟಿ ಕಾಣುತ್ತದೆ, ಮತ್ತು ಸಭಾಗೃಹದ ದಾರಿ ತೋರಿಸುವ ನಕ್ಷೆ ಮಾತ್ರ ಆ ಪಟ್ಟಿಯೊಳಗೆ ಚಾಚಿಕೊಂಡಿದೆ. ಗೂಗಲ್ ಮ್ಯಾಪ್ಸ್ ಕೊಡುವ ನಕ್ಷೆಯ ಸಂಕೇತದಲ್ಲಿ ಅಗಲ 600, ಎತ್ತರ 450 ಎಂದು ಮೊದಲೇ ಬರೆದಿರುತ್ತದೆ. ಯೂಟ್ಯೂಬ್ ವಿಡಿಯೋದ ಸಂಕೇತದಲ್ಲಿ 560 ಮತ್ತು 315 ಇರುತ್ತದೆ. ಅದನ್ನು ಹಾಗೆಯೇ ಅಂಟಿಸಿದರೆ 360ರ ಪರದೆಯಲ್ಲಿ 600ರ ನಕ್ಷೆ ಹಿಡಿಸುವುದು ಸಾಧ್ಯವಿಲ್ಲ, ಹಾಗಾಗಿ ಪುಟವೇ ಅಗಲವಾಗಿ ಪಕ್ಕಕ್ಕೆ ಸರಿದಾಡತೊಡಗುತ್ತದೆ. ಅಗಲವನ್ನು ನೂರು ಶೇಕಡಾ ಎಂದು ಬದಲಿಸಿ. ವಿಡಿಯೋಗಳಿಗಾದರೆ ಬರೆದಿರುವ ಎತ್ತರವನ್ನು ತೆಗೆದುಹಾಕಿ ಆಸ್ಪೆಕ್ಟ್ ರೇಶಿಯೋ 16ಕ್ಕೆ 9 ಎಂದು ಸೇರಿಸಿ, ಎತ್ತರ ತಾನಾಗಿ ಹೊಂದಿಕೊಳ್ಳುತ್ತದೆ.

ಕಾರಣ ಇಷ್ಟು ಸ್ಪಷ್ಟವಾಗಿ ಕಾಣದ ಪುಟಗಳಲ್ಲಿ ನಾನು ಅನುಸರಿಸುವ ದಾರಿ ಸರಳವಾದದ್ದು. ಅಗಲವನ್ನು 320ಕ್ಕೆ ಇಟ್ಟು, ಎಲಿಮೆಂಟ್ಸ್ ಫಲಕದಲ್ಲಿ ಪುಟದ ಭಾಗಗಳನ್ನು ಒಂದೊಂದಾಗಿ ಆರಿಸಿ ಡಿಲೀಟ್ ಕೀಲಿಯನ್ನು ಒತ್ತುತ್ತ ಹೋಗುತ್ತೇನೆ. ಯಾವ ಭಾಗವನ್ನು ತೆಗೆದಾಗ ಸರಿದಾಟ ನಿಲ್ಲುತ್ತದೆಯೋ ದೋಷ ಅದರೊಳಗಿದೆ. ಪುಟವನ್ನು ಮತ್ತೆ ಲೋಡ್ ಮಾಡಿದರೆ ಎಲ್ಲವೂ ಯಥಾಸ್ಥಿತಿಗೆ ಬರುವುದರಿಂದ ಭಯಪಡಬೇಕಾದ್ದಿಲ್ಲ. ಹೀಗೆ ಸಿಕ್ಕಿಬೀಳುವವು ಸಾಮಾನ್ಯವಾಗಿ ಇವು: ಕಾರ್ಯಕಾರಿ ಸಮಿತಿಯವರ ಹೆಸರು, ಹುದ್ದೆ, ದೂರವಾಣಿಗಳ ಕೋಷ್ಟಕ, ಎಲ್ಲಿಯೂ ಮುರಿಯದ ಉದ್ದನೆಯ ಇಮೇಲ್ ವಿಳಾಸ, ಅಗಲ ನೂರು ಶೇಕಡಾ ಇದ್ದು ಅದರ ಮೇಲೆ ಪ್ಯಾಡಿಂಗ್ (ಅಂಚಿನೊಳಗೆ ಬಿಡುವ ಜಾಗ) ಸೇರಿರುವ ಅರ್ಜಿಯ ಖಾನೆಗಳು, ಮತ್ತು ಭಾಗಗಳನ್ನು ಅಕ್ಕಪಕ್ಕ ಕೂರಿಸುವ ಫ್ಲೆಕ್ಸ್ ಜೋಡಣೆಯೊಳಗೆ ತನ್ನ ಪಠ್ಯಕ್ಕಿಂತ ಕಿರಿದಾಗಲು ಒಪ್ಪದೆ ಕುಳಿತ ಭಾಗಗಳು. ಕೊನೆಯದಕ್ಕೆ ಕನಿಷ್ಠ ಅಗಲವನ್ನು ಸೊನ್ನೆ ಎಂದು ಕೊಟ್ಟರೆ ಸಾಕು. ಕೋಷ್ಟಕವನ್ನು ಮಾತ್ರ ಅದರದೇ ಒಂದು ಪೆಟ್ಟಿಗೆಯೊಳಗೆ ಪಕ್ಕಕ್ಕೆ ಸರಿಯಲು ಬಿಡಬಹುದು, ಇಡೀ ಪುಟ ಸರಿಯಬಾರದು ಅಷ್ಟೇ. ಹೊರಗೆ ಚಾಚಿದ್ದನ್ನು ಮರೆಮಾಡುವಂತೆ ಪುಟದ ‘ಬಾಡಿ’ ಟ್ಯಾಗಿಗೆ ಓವರ್‌ಫ್ಲೋ ಹಿಡನ್ ಎಂದು ಬರೆದು ಸಮಸ್ಯೆ ಮುಗಿಯಿತೆನ್ನುವ ಸಲಹೆ ನಿಮಗೆ ಅಲ್ಲಲ್ಲಿ ಸಿಗುತ್ತದೆ. ದಯವಿಟ್ಟು ಅದನ್ನು ಅನುಸರಿಸಬೇಡಿ. ಸರಿದಾಟವೇನೋ ನಿಲ್ಲುತ್ತದೆ, ಆದರೆ ಹೊರಗೆ ಚಾಚಿದ್ದ ದೂರವಾಣಿ ಸಂಖ್ಯೆಯ ಕೊನೆಯ ಅಂಕಿಗಳು ಓದುಗನಿಗೆ ಯಾವ ರೀತಿಯಿಂದಲೂ ಸಿಗದಂತಾಗುತ್ತವೆ.

ಅಕ್ಷರಗಳ ಬುಡ ಕತ್ತರಿಸಿಹೋಗುವ ದೂರು ಕನ್ನಡ ತಾಣಗಳಿಗೇ ವಿಶೇಷವಾದದ್ದು, ಮತ್ತು ಇಂಗ್ಲಿಷ್ ಮಾದರಿಯ ಸಿದ್ಧ ವಿನ್ಯಾಸಗಳನ್ನು ತಂದು ಬಳಸುವವರೆಲ್ಲರೂ ಎದುರಿಸುವಂಥದ್ದು. ನಿಮ್ಮ ಶೀರ್ಷಿಕೆಯಲ್ಲಿ ‘ಮಹಾರಾಷ್ಟ್ರ’ ಎಂಬ ಪದವಿದೆ. ಅದರ ಕೊನೆಯ ಅಕ್ಷರದಲ್ಲಿ ಷಕಾರದ ಕೆಳಗೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು ಬರುತ್ತವೆ. ಇಂಗ್ಲಿಷ್ ಶೀರ್ಷಿಕೆಗೆ ಸಾಲಿನ ಎತ್ತರ 1.1 ಇದ್ದರೆ ಅಂದವಾಗಿ ಕಾಣುತ್ತದೆ. ಅದೇ ಎತ್ತರದೊಳಗೆ ಈ ಒತ್ತುಗಳಿಗೆ ಜಾಗ ಸಾಲದು, ಮತ್ತು ಶೀರ್ಷಿಕೆಯ ಪೆಟ್ಟಿಗೆಗೆ ಹೆಚ್ಚಾದದ್ದನ್ನು ಮರೆಮಾಡುವ ಆಜ್ಞೆಯೂ ಇದ್ದರೆ ಒತ್ತಿನ ಕೆಳಭಾಗ ಕತ್ತರಿಸಿಹೋಗುತ್ತದೆ. ಅಗಲವಾದ ಪರದೆಯಲ್ಲಿ ಶೀರ್ಷಿಕೆ ಒಂದೇ ಸಾಲಿನಲ್ಲಿದ್ದು ದೋಷ ಅಷ್ಟಾಗಿ ಕಾಣುವುದಿಲ್ಲ. 360ರಲ್ಲಿ ಅದು ಮೂರು ಸಾಲಾಗಿ ಇಳಿದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ‘ರಾಜ್ಯೋತ್ಸವ’ದಂಥ ಪದವನ್ನು ಓದುವುದೇ ಕಷ್ಟವಾಗುತ್ತದೆ. ಕನ್ನಡದ ಶೀರ್ಷಿಕೆಗಳಿಗೆ 1.4, ಪಠ್ಯಕ್ಕೆ 1.6ರಷ್ಟು ಸಾಲಿನ ಎತ್ತರ ಕೊಡುವುದು ನನ್ನ ರೂಢಿ. ಬಟನ್‌ಗಳಿಗೆ ನಿಗದಿತ ಎತ್ತರವನ್ನು ಎಂದೂ ಕೊಡಬೇಡಿ. ಕನಿಷ್ಠ ಎತ್ತರ ಮತ್ತು ಪ್ಯಾಡಿಂಗ್ ಕೊಟ್ಟರೆ ಪಠ್ಯ ಎರಡು ಸಾಲಾದರೂ ಬಟನ್ ಹಿಗ್ಗಿಕೊಳ್ಳುತ್ತದೆ. ಅಕ್ಷರಗಳ ನಡುವಿನ ಅಂತರವನ್ನು ಹೆಚ್ಚಿಸುವ ಲೆಟರ್ ಸ್ಪೇಸಿಂಗ್ ಕನ್ನಡಕ್ಕೆ ಬೇಡ.

ಇದೇ ಸಂದರ್ಭದಲ್ಲಿ ಫಾಂಟಿನ ಮಾತು. ವಿಂಡೋಸ್‌ನಲ್ಲಿ ನಿಮಗೆ ಕಾಣುವ ಕನ್ನಡ ತುಂಗಾ ಅಥವಾ ನಿರ್ಮಲಾ ಯುಐ ಫಾಂಟಿನದಾಗಿರಬಹುದು. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೋ, ಐಫೋನಿನಲ್ಲಿ ಬೇರೊಂದು. ಒಂದೇ ಗಾತ್ರವನ್ನು ಹೇಳಿದರೂ ಇವುಗಳ ಅಕ್ಷರಗಳ ಅಗಲ, ಒತ್ತುಗಳ ಆಳ ಒಂದೇ ಸಮ ಇರುವುದಿಲ್ಲ. ಹಾಗಾಗಿ ಕಂಪ್ಯೂಟರಿನ ಅನುಕರಣೆಯಲ್ಲಿ ಸಾಲು ಒಡೆದ ಜಾಗವೇ ಬೇರೆ, ಫೋನಿನಲ್ಲಿ ಒಡೆಯುವ ಜಾಗವೇ ಬೇರೆ. ಪರೀಕ್ಷೆಗೆಂದು ಯಾವುದೋ ಇಂಗ್ಲಿಷ್ ಮಾದರಿ ಪಠ್ಯವನ್ನು ತುಂಬಿ ನೋಡುವುದರಿಂದ ಇದ್ಯಾವುದೂ ತಿಳಿಯುವುದಿಲ್ಲ. ಕನ್ನಡದ ಸಮಾಸಪದಗಳೂ ವಿಭಕ್ತಿ ಸೇರಿದ ಪದಗಳೂ ಉದ್ದವಾಗಿದ್ದು, 360ರ ಪರದೆಯಲ್ಲಿ ಒಂದು ಸಾಲಿಗೆ ನಾಲ್ಕೈದು ಪದಗಳಷ್ಟೇ ಹಿಡಿಸುತ್ತವೆ. ನಿಮ್ಮಲ್ಲಿರುವ ಅತಿ ಉದ್ದದ ಹೆಸರನ್ನೂ ಅತಿ ಉದ್ದದ ಕಾರ್ಯಕ್ರಮದ ಶೀರ್ಷಿಕೆಯನ್ನೂ ಹುಡುಕಿ ಅವುಗಳಿಂದಲೇ ಪರೀಕ್ಷಿಸಿ. ಒಡೆಯಲೇಬೇಕಾದ ಪದವನ್ನು ಬ್ರೌಸರಿನ ಪಾಲಿಗೆ ಬಿಟ್ಟರೆ ಅದು ಕಣ್ಣಿಗೆ ಒಗ್ಗದ ಜಾಗದಲ್ಲಿ ಮುರಿಯಬಹುದಾದ್ದರಿಂದ, ಸಮಾಸದ ಎರಡು ಪದಗಳ ನಡುವೆ ಸ್ಥಳ ಬಿಟ್ಟು ಬರೆಯುವುದು ಅಥವಾ ಬೇಕಾದರೆ ಇಲ್ಲಿ ಒಡೆಯಬಹುದು ಎಂದು ಸೂಚಿಸುವ ಡಬ್ಲ್ಯುಬಿಆರ್ ಟ್ಯಾಗನ್ನು ಅಲ್ಲಿ ಹಾಕುವುದು ಮೇಲು.

ಇಲ್ಲಿಯವರೆಗಿನದೆಲ್ಲ ಬಹುಮಟ್ಟಿಗೆ ಕಂಪ್ಯೂಟರಿನಲ್ಲಿ ಆಗುವ ಕೆಲಸ. ಕಾಣೆಯಾಗುವ ಬಟನ್ ಹಾಗಲ್ಲ. ಅನುಕರಣೆಯಲ್ಲಿ ಕೀಬೋರ್ಡೇ ಮೇಲೇಳುವುದಿಲ್ಲವಾದ್ದರಿಂದ ಅದಕ್ಕೆ ನಿಜವಾದ ಫೋನು ಬೇಕೇ ಬೇಕು. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಕಡೆ ವಿಚಾರಿಸಿ ಬಳಸಿದ ಆಂಡ್ರಾಯ್ಡ್ ಫೋನೊಂದನ್ನು ತನ್ನಿ, ಅಥವಾ ಹೊಸ ಫೋನು ಕೊಂಡ ಸದಸ್ಯರು ಮನೆಯಲ್ಲಿ ಮೂಲೆಗೆ ಹಾಕಿದ್ದನ್ನು ಕೇಳಿ ಪಡೆಯಿರಿ. ಪರದೆಯ ಗಾಜಿಗೆ ಗೀರು ಬಿದ್ದಿದ್ದರೂ ಚಿಂತೆಯಿಲ್ಲ, ಬ್ರೌಸರ್ ಮಾತ್ರ ಇತ್ತೀಚಿನದಕ್ಕೆ ಅಪ್‌ಡೇಟ್ ಆಗುವಂತಿರಲಿ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರಿನ ಮೇಲೆ ಏಳು ಬಾರಿ ತಟ್ಟಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಯುಎಸ್‌ಬಿ ಡೀಬಗಿಂಗ್ ಚಾಲೂ ಮಾಡಿ, ಕೇಬಲ್ ಜೋಡಿಸಿ, ಕಂಪ್ಯೂಟರಿನ ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಪುಟವನ್ನು ತೆರೆದರೆ ಫೋನಿನಲ್ಲಿ ಕಾಣುತ್ತಿರುವ ಪುಟವನ್ನೇ ಕಂಪ್ಯೂಟರಿನಿಂದ ತಪಾಸಣೆ ಮಾಡಬಹುದು. ಕೆಲಸ ಮುಗಿದ ಮೇಲೆ ಆ ಡೀಬಗಿಂಗ್ ಆಯ್ಕೆಯನ್ನು ನಿಲ್ಲಿಸಿಬಿಡಿ.

ಫೋನಿನಲ್ಲಿ ಸದಸ್ಯತ್ವದ ಅರ್ಜಿಯನ್ನು ತೆರೆದು ವಿಳಾಸದ ಖಾನೆಯನ್ನು ಮುಟ್ಟಿ ನೋಡಿ. ಕನ್ನಡ ಕೀಬೋರ್ಡ್ ತನ್ನ ಪದಸೂಚನೆಯ ಸಾಲಿನ ಸಮೇತ ಮೇಲೆದ್ದಾಗ ಚಿಕ್ಕ ಪರದೆಯಲ್ಲಿ ಪುಟಕ್ಕೆ ಉಳಿಯುವುದು ಅರ್ಧಕ್ಕಿಂತ ಕಡಿಮೆ ಜಾಗ. ನಿಮ್ಮ ‘ಸಲ್ಲಿಸಿ’ ಬಟನ್ನನ್ನು ಪರದೆಯ ತಳಕ್ಕೆ ಅಂಟಿಸಿದ್ದೀರಿ. ಐಫೋನಿನ ಸಫಾರಿಯಲ್ಲಿ ಕೀಬೋರ್ಡ್ ಬಂದಾಗ ಪುಟದ ಜೋಡಣೆಯ ಎತ್ತರ ಕುಗ್ಗುವುದಿಲ್ಲ, ಕಾಣುವ ಭಾಗ ಮಾತ್ರ ಕುಗ್ಗುತ್ತದೆ. 2022ರಲ್ಲಿ ಬಂದ ಕ್ರೋಮ್ 108ರಿಂದ ಆಂಡ್ರಾಯ್ಡ್‌ನಲ್ಲಿಯೂ ಹಾಗೆಯೇ. ಆದ್ದರಿಂದ ತಳಕ್ಕೆ ಅಂಟಿದ ಬಟನ್ ಕೀಬೋರ್ಡಿನ ಹಿಂದೆಯೇ ಉಳಿಯುತ್ತದೆ. ಅಂಟಿಸುವುದನ್ನು ಬಿಟ್ಟು, ಬಟನ್ನನ್ನು ಕೊನೆಯ ಖಾನೆಯ ಕೆಳಗೆ ಅರ್ಜಿಯ ಭಾಗವಾಗಿಯೇ ಇಡಿ. ಓದುಗನು ಮೇಲಕ್ಕೆ ಸರಿಸಿದಾಗ ಅದು ತಾನಾಗಿ ಎದುರಿಗೆ ಬರುತ್ತದೆ. ದೂರವಾಣಿಯ ಖಾನೆಯನ್ನು ಮುಟ್ಟಿದಾಗ ಅಂಕಿಗಳ ಕೀಬೋರ್ಡ್ ಬರುತ್ತದೆಯೇ ನೋಡಿ. ಬಾರದಿದ್ದರೆ ಖಾನೆಯ ಟೈಪನ್ನು ಟೆಲ್ ಎಂದು ಬದಲಿಸಿ. ಖಾನೆಯೊಳಗಿನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನ್ ಅದನ್ನು ಮುಟ್ಟಿದ ಕೂಡಲೇ ಪುಟವನ್ನೇ ಹಿಗ್ಗಿಸುತ್ತದೆ, ಆಗಲೂ ಪುಟ ಪಕ್ಕಕ್ಕೆ ಸರಿದಾಡಿದಂತೆ ಸದಸ್ಯರಿಗೆ ಅನ್ನಿಸುತ್ತದೆ. ಇದರ ಪರಿಹಾರ ಅಕ್ಷರವನ್ನು 16ಕ್ಕೆ ಏರಿಸುವುದೇ ಹೊರತು, ಹಿಗ್ಗಿಸುವುದನ್ನೇ ನಿಷೇಧಿಸುವುದಲ್ಲ. ಹಿರಿಯರಿಗೆ ಎರಡು ಬೆರಳಿನಿಂದ ಹಿಗ್ಗಿಸಿ ಓದುವ ಸೌಕರ್ಯವನ್ನು ಯಾವ ಕಾರಣಕ್ಕೂ ಕಿತ್ತುಕೊಳ್ಳಬಾರದು.

ಮುಖಪುಟದ ದೊಡ್ಡ ಚಿತ್ರಕ್ಕೆ ನೂರು ವಿಎಚ್, ಅಂದರೆ ಪರದೆಯ ಪೂರ್ತಿ ಎತ್ತರದ ಅಳತೆ, ಕೊಟ್ಟಿದ್ದರೆ ಅದನ್ನೂ ಫೋನಿನಲ್ಲಿಯೇ ನೋಡಬೇಕು. ವಿಳಾಸದ ಪಟ್ಟಿ ಕಾಣುತ್ತಿರುವಾಗ ಆ ಎತ್ತರ ಪರದೆಗಿಂತ ಹೆಚ್ಚಾಗಿ ಚಿತ್ರದ ಕೆಳಗಿನ ಬರಹ ಹೊರಗುಳಿಯುತ್ತದೆ. ವಿಎಚ್ ಬದಲು, ವಿಳಾಸದ ಪಟ್ಟಿ ಕಾಣುವಾಗ ಉಳಿಯುವ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಎಸ್‌ವಿಎಚ್ ಬಳಸಿದರೆ ಸರಿಹೋಗುತ್ತದೆ.

ಬೆರಳಿನ ಪರೀಕ್ಷೆಯನ್ನು ಕುಳಿತಲ್ಲಿಯೇ ಮಾಡಿ ಮುಗಿಸಬೇಡಿ. ನಿಮ್ಮ ಸದಸ್ಯರು ಈ ಪುಟವನ್ನು ತೆರೆಯುವುದು ಬೆಳಗಿನ ಲೋಕಲ್‌ನಲ್ಲಿ, ಒಂದು ಕೈಯಲ್ಲಿ ಮೇಲಿನ ಹಿಡಿಯನ್ನು ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ. ಅದೇ ಭಂಗಿಯಲ್ಲಿ ಮೆನುವನ್ನು ತೆರೆದು ಬೇಕಾದ ಕೊಂಡಿಯನ್ನೇ ಒತ್ತಲು ಸಾಧ್ಯವೇ ಎಂದು ನೋಡಿ. 2023ರ ಡಬ್ಲ್ಯುಸಿಎಜಿ 2.2 ಒತ್ತುವ ಜಾಗಕ್ಕೆ ಕನಿಷ್ಠ 24 ಪಿಕ್ಸೆಲ್ ಚೌಕವನ್ನು ಹೇಳಿದರೆ, ಆಪಲ್ 44, ಗೂಗಲ್ 48ರ ಅಳತೆಯನ್ನು ಸೂಚಿಸುತ್ತವೆ. ಓಡುವ ರೈಲಿನ ಓದುಗರಿಗೆ 48 ಇರಲಿ ಎನ್ನುತ್ತೇನೆ.

ರೈಲಿನ ಮಾತು ಬಂದದ್ದರಿಂದ ನೆಟ್‌ವರ್ಕಿನ ಪರೀಕ್ಷೆಯನ್ನೂ ಹೇಳಿಬಿಡುತ್ತೇನೆ. ಡೆವಲಪರ್ ಟೂಲ್ಸ್‌ನಲ್ಲಿ ಸಂಪರ್ಕವನ್ನು ನಿಧಾನಗೊಳಿಸುವ ಸೌಲಭ್ಯವಿದೆ, ಪುಟ ತೆರೆಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಸಂಪರ್ಕ ಪೂರ್ತಿ ಕಡಿದಾಗ ಏನಾಗುತ್ತದೆ ಎಂಬುದು ಬೇರೆ ಪ್ರಶ್ನೆ. ಡೊಂಬಿವಲಿಯಿಂದ ಠಾಣೆಗೆ ಹೋಗುವ ಲೋಕಲ್‌ನಲ್ಲಿ ಸಂಪರ್ಕ ಕಡಿದ ಹೊತ್ತಿಗೇ ಒಬ್ಬರು ‘ಸಲ್ಲಿಸಿ’ ಒತ್ತಿದರು ಎನ್ನಿ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಲು ಅರ್ಜಿಯನ್ನು ಪೂರ್ತಿ ತುಂಬಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆಮೇಲೆ ಬಟನ್ ಒತ್ತಿ. ಸಂಪರ್ಕ ಮರಳಿದಾಗ ತುಂಬಿದ್ದೆಲ್ಲವೂ ಖಾನೆಗಳಲ್ಲಿ ಹಾಗೆಯೇ ಉಳಿದಿದ್ದರೆ ಸರಿ. ಖಾಲಿಯಾಗಿದ್ದರೆ ಅದು ಮೇಲೆ ಹೇಳಿದ ಯಾವ ದೋಷಕ್ಕಿಂತಲೂ ದೊಡ್ಡದು, ಏಕೆಂದರೆ ಎರಡನೆಯ ಬಾರಿ ಅಷ್ಟನ್ನೂ ತುಂಬುವ ತಾಳ್ಮೆ ಹೆಚ್ಚಿನವರಿಗೆ ಇರುವುದಿಲ್ಲ.

ಐಫೋನ್ ಕೊಳ್ಳುವ ಅಗತ್ಯವಿಲ್ಲ, ಸದಸ್ಯರೊಬ್ಬರದನ್ನು ಅರ್ಧ ಗಂಟೆ ಎರವಲು ಪಡೆದರೆ ಸಾಕು. ನಮ್ಮ ದೇಶದ ಐಫೋನುಗಳಲ್ಲಿ ಕ್ರೋಮ್ ಕೂಡ ಸಫಾರಿಯ ವೆಬ್‌ಕಿಟ್ ಎಂಜಿನ್ನಿನ ಮೇಲೆಯೇ ನಡೆಯುವುದರಿಂದ ಸಫಾರಿಯೊಂದರಲ್ಲಿ ನೋಡಿದರೆ ಆಯಿತು.

ಇವೆಲ್ಲ ಆದ ಮೇಲೆ ಸಂಘದ ಮುಂದಿನ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರನ್ನು ಕರೆದು, ಅವರದೇ ಫೋನಿನಲ್ಲಿ, ರಾಜ್ಯೋತ್ಸವದ ಊಟಕ್ಕೆ ಮನೆಯ ನಾಲ್ವರ ಹೆಸರನ್ನು ನೋಂದಾಯಿಸಿ ಎಂದು ಕೇಳಿಕೊಳ್ಳಿ. ಅವರು ತಡವರಿಸಿದಾಗ ‘ಅಲ್ಲಿ ಒತ್ತಿ ಅಂಕಲ್’ ಎಂದು ಹೇಳದೆ ಸುಮ್ಮನೆ ಪಕ್ಕದಲ್ಲಿ ಕುಳಿತು, ಬೆರಳು ಎಲ್ಲಿ ನಿಲ್ಲುತ್ತದೆ, ಯಾವ ಪದವನ್ನು ಎರಡು ಬಾರಿ ಓದುತ್ತಾರೆ, ಎಲ್ಲಿ ಪುಟವನ್ನು ಹಿಗ್ಗಿಸುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಮುಂದೆ ಯಾರಾದರೂ ದೂರು ಹೇಳಿದಾಗ ಸ್ಕ್ರೀನ್‌ಶಾಟಿನ ಜೊತೆಗೆ ಫೋನಿನ ಮಾದರಿ, ಯಾವ ಬ್ರೌಸರ್, ಡಿಸ್‌ಪ್ಲೇ ಸೈಜ್ ಹಿಗ್ಗಿಸಿದ್ದಾರೆಯೇ, ಮತ್ತು ಕೊಂಡಿಯನ್ನು ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂ ಒಳಗಿನಿಂದ ತೆರೆದರೇ ಎಂಬುದನ್ನೂ ಕೇಳಿ. ಆ ಆ್ಯಪ್‌ಗಳು ಪುಟವನ್ನು ತಮ್ಮದೇ ಒಳ ಬ್ರೌಸರಿನಲ್ಲಿ ತೆರೆಯುವುದರಿಂದ ಅಲ್ಲಿ ಎತ್ತರ ಇನ್ನಷ್ಟು ಕಡಿಮೆ ಸಿಗಬಹುದು. ರಿಪೇರಿಯ ಕ್ರಮದಲ್ಲಿ ಅರ್ಜಿಯ ಬಟನ್ ಮೊದಲಿರಲಿ, ಅದಿಲ್ಲದೆ ಸದಸ್ಯತ್ವವೇ ನಿಂತುಹೋಗುತ್ತದೆ. ನಕ್ಷೆಯ ಅಗಲ ಐದು ನಿಮಿಷದ ಕೆಲಸ. ಶೀರ್ಷಿಕೆಯ ಸಾಲಿನ ಎತ್ತರವನ್ನು ಮಾತ್ರ ಬದಲಿಸಿದ ಬಳಿಕ ಎಲ್ಲ ಪುಟಗಳನ್ನೂ 320ರಲ್ಲಿ ಮತ್ತೊಮ್ಮೆ ನೋಡಿ, ಏಕೆಂದರೆ ಒಂದು ಸಾಲು ಎತ್ತರವಾದರೆ ಅದರ ಕೆಳಗಿನದೆಲ್ಲವೂ ಜಾಗ ಬದಲಿಸುತ್ತದೆ.